ಗಂಜಿ ಹಾಕಿದ ಬಾವುಟ

ಗೌರಿ, ಹೋದ ಭಾನುವಾರ ಪೊಲೀಸ್ ತರಬೇತಿ ಶಾಲೆಯಿಂದ ನೀನು ಫೋನ್ ಮಾಡಿದಾಗ ನಿನ್ನ ದನಿ ಸಣ್ಣಗಾಗಿತ್ತು. ಮೊದಲ ಸಲ ದೂರದ ಗುರಿಗೆ ಹೊಡೆದಿದ್ದೆಯಂತೆ. ಗುಂಡೆಲ್ಲ ಬಲಕ್ಕೆ ಹೋದವಂತೆ, ಗುರಿ ಕಲಿಸುವ ಉಸ್ತಾದರು ಎಲ್ಲರ ಮುಂದೆ ಬೈದರಂತೆ. "ಗಾಳಿ ನೋಡಲಿಲ್ಲ ಅಂತಾರಜ್ಜಿ. ಕಣ್ಣಿಗೇ ಕಾಣದಂಗ ಹೋಗೋ ಗುಂಡಿಗೆ ಗಾಳಿ ಏನು ಮಾಡ್ತೈತಿ?" ಎಂದು ಕೇಳಿದೆ ನೀನು. ನಾನು "ಉಂಡೀ ಇಲ್ಲ?" ಎಂದು ಕೇಳಿ ಫೋನನ್ನು ನಿನ್ನ ಅವ್ವನ ಕೈಗೆ ಕೊಟ್ಟುಬಿಟ್ಟೆ. ನನಗೆ ಉತ್ತರ ಗೊತ್ತಿತ್ತು. ಬಾಯಲ್ಲಿ ಹೇಳಲು ಬರಲಿಲ್ಲ, ಅಷ್ಟೇ. ಆದ್ದರಿಂದ ನಿನ್ನ ತಮ್ಮ ಸೋಮುವಿನ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳನ್ನು ಹಿಡಿದು ಕೂತಿದ್ದೇನೆ. ನಾನು ಗುರುಗುಂಟೆಯ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ತಪ್ಪಿದ್ದರೆ ತಿದ್ದಿಕೊಂಡು ಓದು.

ನಮ್ಮ ಅಜ್ಜಿ ಪೊಲೀಸ್ ಇಲಾಖೆಯಲ್ಲಿ ಬಾವುಟ ಏರಿಸುತ್ತಿದ್ದಳು ಎಂದು ಸೋಮು ಗೆಳೆಯರಿಗೆ ಹೇಳುತ್ತಾನೆ. ಸುಳ್ಳೇನಲ್ಲ. ನಿಮ್ಮ ಅಜ್ಜ ಸಿಂಧನೂರಿನಲ್ಲಿ ಕಾನ್‌ಸ್ಟೇಬಲ್ ಆಗಿದ್ದಾಗಲೇ ತೀರಿಕೊಂಡರು. ನಿಮ್ಮ ಅವ್ವನಿಗೆ ಆಗ ಐದು ವರ್ಷ, ನಿಮ್ಮ ಮಾವನಿಗೆ ಮೂರು. ಇಲಾಖೆಯವರು ನನಗೆ ಫಾಲೋವರ್ ಕೆಲಸ ಕೊಟ್ಟರು. ಫಾಲೋವರ್ ಎಂದರೆ ಕಸ ಹೊಡೆಯುವುದು, ನೀರು ತುಂಬುವುದು, ಚಹಾ ಕಾಸುವುದು. ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಕಲ್ಲುಗುಡ್ಡದ ಬುಡಕ್ಕೆ ಗುಂಡು ಹೊಡೆಯುವ ಒಂದು ಮೈದಾನವಿತ್ತು. ನನ್ನನ್ನು ಅಲ್ಲಿಗೆ ಹಾಕಿದರು. ದಿನಾ ಸಿಂಧನೂರಿನಿಂದ ಬೆಳಗಿನ ಬಸ್ಸು ಹಿಡಿದು ಹೋಗುತ್ತಿದ್ದೆ. ಮಕ್ಕಳನ್ನು ನನ್ನ ಅತ್ತೆ ನೋಡಿಕೊಂಡರು. ಆ ತಾಯಿಯ ಋಣದ ಮಾತು ಬರೆದರೆ ಈ ಹಾಳೆಗಳು ಅದಕ್ಕೇ ಮುಗಿಯುತ್ತವೆ.

ಮೈದಾನದ ಮೇಲ್ವಿಚಾರಣೆ ಖಾಜಾಸಾಬ್ ಹವಾಲ್ದಾರರದು. ಬಿಳಿ ಮೀಸೆ, ಹೆಗಲ ಮೇಲೆ ಯಾವಾಗಲೂ ಒಂದು ಕೆಂಪು ವಲ್ಲಿ, ತೆಳುವಾದ ಟವೆಲ್ಲು. ಬಂದೂಕು ಬಿಚ್ಚಿ ಕೂಡಿಸುವುದರಿಂದ ಹಿಡಿದು ಹುಡುಗರಿಗೆ ಗುರಿ ಕಲಿಸುವುದರವರೆಗೆ ಎಲ್ಲ ಅವರೇ. ಎರಡನೆಯ ವಾರಕ್ಕೇ ಅವರು ನನ್ನನ್ನು ಕಂದಕಕ್ಕೆ ಕಳಿಸಿದರು. ನಿಮ್ಮಲ್ಲಿ ಅದನ್ನು ಬಟ್ ಎನ್ನುತ್ತಾರೆ. ಗುರಿಹಲಗೆಗಳ ಕೆಳಗೆ ಆಳೆತ್ತರದ ತಗ್ಗು, ಮುಂದೆ ದಪ್ಪ ಗೋಡೆ, ಗೋಡೆಗೆ ಮಣ್ಣಿನ ಒಡ್ಡು. ಅಲ್ಲಿ ಕೂತು ಹಲಗೆ ಇಳಿಸುವುದು, ಗುಂಡು ತೂರಿದ ತೂತಿಗೆ ಮೈದಾಹಿಟ್ಟಿನ ಅಂಟು ಬಳಿದು ಕಾಗದ ಹಚ್ಚುವುದು, ಮತ್ತೆ ಏರಿಸುವುದು.

ಮೊದಲ ದಿನ ಗುಂಡು ತಲೆಯ ಮೇಲೆ ಹೋದಾಗ ನಾನು ಸೆರಗು ಹೊದ್ದು ಮುದುಡಿ ಕೂತೆ. ಹವಾಲ್ದಾರರು ಪಕ್ಕದಲ್ಲೇ ಇದ್ದರು. "ಸೆರಗಿಗೆ ಗುಂಡು ನಿಲ್ಲಂಗಿಲ್ಲ ತಂಗಿ, ಗ್ವಾಡಿಗೆ ನಿಲ್ತೈತಿ. ಗ್ವಾಡಿ ಮ್ಯಾಲ ಭರೋಸಾ ಇಡು" ಎಂದರು. ಆಮೇಲೆ ಕಿವಿಗೊಟ್ಟು ಕೇಳಲು ಹೇಳಿದರು. ಮೊದಲು ತಲೆಯ ಮೇಲೆ ಚಟ್ ಎಂದು ಛಡಿ ಹೊಡೆದಂಥ ಸದ್ದು, ಅದರ ಹಿಂದೆ ದೂರದಿಂದ ಧಡ್ ಎಂದು ಬಂದೂಕಿನ ಸದ್ದು. ಸದ್ದಿಗಿಂತ ಮೊದಲು ಗುಂಡೇ ಬಂದು ಮುಟ್ಟುತ್ತಿತ್ತು. ಅಷ್ಟು ವೇಗದ್ದನ್ನು ಗಾಳಿ ಏನು ಮಾಡೀತು ಎಂದು ನಾನೂ ಅಂದುಕೊಂಡಿದ್ದೆ, ಗೌರಿ. ನಿನ್ನ ಪ್ರಶ್ನೆ ನನ್ನದೂ ಆಗಿತ್ತು.

ಉತ್ತರ ಸಿಕ್ಕಿದ್ದು ಚಹಾ ಕೊಡುವಾಗ. ಹೊಸ ತಂಡದವರಿಗೆ ಹವಾಲ್ದಾರರು ಕರೀ ಹಲಗೆಯ ಮೇಲೆ ಗೆರೆ ಎಳೆದು ಗಾಳಿಯ ಪಾಠ ಮಾಡುತ್ತಿದ್ದರು. ಗುಂಡು ಹೋಗುವಾಗ ಗಾಳಿಯನ್ನು ಸೀಳಿಕೊಂಡು ಹೋಗಬೇಕು, ಸೀಳುತ್ತ ಸೀಳುತ್ತ ವೇಗ ಕಳೆದುಕೊಳ್ಳುತ್ತದೆ, ಕಳೆದುಕೊಂಡಷ್ಟೂ ಅಡ್ಡಗಾಳಿಯ ಕೈಗೆ ಸಿಗುತ್ತದೆ ಎಂದು ಮೂರು ಸಲ ಹೇಳಿದರು. ಹುಡುಗರು ಮೂರು ಸಲವೂ ತಲೆಯಾಡಿಸಿದರು, ಯಾರಿಗೂ ತಿಳಿಯಲಿಲ್ಲ. ನನಗೆ ಮಾತ್ರ ನಮ್ಮೂರಿನ ಕಣ ಕಣ್ಣಿಗೆ ಕಟ್ಟಿತು. ಲೋಟ ತೊಳೆಯುವಾಗ ಹವಾಲ್ದಾರರಿಗೆ ಮೆಲ್ಲಗೆ ಹೇಳಿದೆ: ಇದು ಜೋಳ ತೂರಿದ ಹಾಗೆ ಅಲ್ಲವೇ ಎಂದು.

ಅವರು ನನ್ನ ಮುಖವನ್ನೇ ನೋಡಿದರು. "ನಾಳೆ ಮೊರ ತಗೊಂಡು ಬಾ" ಎಂದರು.

ಮರುದಿನ ಮೊರ, ಹೊಟ್ಟು ಬೆರೆತ ಜೋಳ ಎರಡನ್ನೂ ಬಸ್ಸಿನಲ್ಲಿ ಒಯ್ದೆ. ಹವಾಲ್ದಾರರು ರಾಶಿ ಮಾಡಲು ಕರೆದಿದ್ದಾರೆ ಎಂದು ಹುಡುಗರು ಹಿಂದಿನಿಂದ ನಗಾಡಿದರು. ನಾನು ಕಲ್ಲಿನ ಮೇಲೆ ನಿಂತು ಮೊರ ಎತ್ತಿ ತೂರಿದೆ, ಮಾತೆಲ್ಲ ಹವಾಲ್ದಾರರದು. ಗಟ್ಟಿ ಕಾಳು ನನ್ನ ಕಾಲಬುಡದಲ್ಲೇ ಬಿತ್ತು, ಜೊಳ್ಳು ಒಂದು ಮಾರು ಆಚೆ, ಹೊಟ್ಟು ಎಲ್ಲೋ ದೂರ.

"ಗಾಳಿ ಮೂರಕ್ಕೂ ಒಂದೇ ಐತಿ, ಖರೇ? ಮತ್ಯಾಕ ಬ್ಯಾರೆ ಬ್ಯಾರೆ ಬಿದ್ವು?" ಎಂದು ಅವರು ಕೇಳಿದರು. "ಗಾಳಿ ಯಾವುದನ್ನ ತಡೀತೈತಿ, ಅದನ್ನ ಒಯ್ತೈತಿ. ಕಾಳಿಗೆ ತಡೆ ಇಲ್ಲ, ಅದು ಹೋಗಲಿಲ್ಲ. ನಿಮ್ಮ ಗುಂಡು ಬಂದೂಕು ಬಿಡೋವಾಗ ಕಾಳು ಇರ್ತೈತಿ. ಮುಂದ ಹೋದಂಗ ಹೋದಂಗ ಹೊಟ್ಟು ಆಕ್ಕೋಂತ ಹೋಗ್ತೈತಿ. ಅದಕ್ಕ ದೂರದ ಗುರಿ ಕಷ್ಟ."

ಆಗ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ, ನಾವು ಕಾಲುವೆ ದಾಟುವ ಹಾಗೆ ಎಂದಳು. ಸೆಳವಿರುವ ಕಾಲುವೆಯನ್ನು ಲಗುಲಗು ದಾಟಿದರೆ ಎದುರಿಗೇ ಏರುತ್ತೇವೆ, ನಡುವೆ ತಡವಾದಷ್ಟೂ ಕೆಳಗೆ ಹೋಗಿ ಏರುತ್ತೇವೆ ಎಂದಳು. ತುರ್ವಿಹಾಳದ ಹುಡುಗಿ, ಹೆಸರು ಹುಲಿಗೆಮ್ಮ. ಅವ್ವ ಅಪ್ಪ ಇಬ್ಬರೂ ಗದ್ದೆ ಕೂಲಿಯವರು. ಅವಳ ಹೆಸರು ನನಗೆ ನೆನಪುಳಿದದ್ದು ಅಂದಿನಿಂದ.

ಆ ಮೊರ ಮೈದಾನದ ಕೋಣೆಯಲ್ಲಿ ಒಂದು ಮೊಳೆಗೆ ತೂಗಿಕೊಂಡು ಉಳಿಯಿತು. ಪ್ರತಿ ಹೊಸ ತಂಡಕ್ಕೂ ನಾನು ತೂರಬೇಕು, ಹವಾಲ್ದಾರರು ಮಾತಾಡಬೇಕು. ಡಬ್ಬಿಯೊಂದರಲ್ಲಿ ಹೊಟ್ಟು ತುಂಬಿಟ್ಟಿದ್ದೆವು.

ನಾಲ್ಕು ವರ್ಷ ಕಂದಕದಲ್ಲಿ ಕೂತು ನಾನು ನನ್ನದೇ ಲೆಕ್ಕ ಕಲಿತೆ. ಗೋಡೆಯ ಮೇಲೆ ಗಾಳಿ ತೋರಿಸುವ ಬಾವುಟ ನೋಡುವುದು, ಆಮೇಲೆ ತೂತು ಎಲ್ಲಿ ಬಿತ್ತು ಎಂದು ನೋಡುವುದು. ಮುಖಕ್ಕೆ ಚೆನ್ನಾಗಿ ತಾಗುವ, ತೂರಲು ಒಪ್ಪುವಂಥ ಗಾಳಿ ಅಡ್ಡ ಬೀಸಿದರೆ, ನೂರು ಗಜಕ್ಕೆ ಗುಂಡು ಒಂದು ಬೆರಳು ಸರಿಯುತ್ತಿತ್ತು. ಮುನ್ನೂರಕ್ಕೆ ಹೆಚ್ಚುಕಡಿಮೆ ಒಂದು ಗೇಣು. ಐನೂರಕ್ಕೆ ಒಂದು ಮೊಳ, ಮೇಲೊಂದಿಷ್ಟು. ದೂರ ಮೂರು ಪಟ್ಟಾದರೆ ಸರಿಯುವುದು ಮೂರು ಪಟ್ಟಲ್ಲ ಗೌರಿ, ಅದಕ್ಕಿಂತ ಬಹಳ ಹೆಚ್ಚು. ನೀನು ಇದೊಂದನ್ನು ಮನಸ್ಸಿನಲ್ಲಿಟ್ಟುಕೋ. ಇನ್ನೊಂದು, ಬಂದೂಕಿನ ಬಾಯಿಯ ಹತ್ತಿರದ ಗಾಳಿಯನ್ನು ಹಗುರ ಮಾಡಬೇಡ. ಅಲ್ಲಿ ಕೂದಲೆಳೆಯಷ್ಟು ದಾರಿ ತಪ್ಪಿದರೂ ಅದು ಗುರಿ ಮುಟ್ಟುವವರೆಗೆ ಬೆಳೆಯುತ್ತಲೇ ಹೋಗುತ್ತದೆ. ನಾನು ಬಂದೂಕು ಹಿಡಿದವಳಲ್ಲ. ಆದರೆ ಹೊಡೆದವರಿಗೆ ಕಾಣದ್ದು ತೂತಿಗೆ ಕಾಗದ ಹಚ್ಚುವವಳಿಗೆ ಕಾಣುತ್ತದೆ.

ಈಗ ನನ್ನ ತಪ್ಪಿನ ಮಾತು.

ಹುಲಿಗೆಮ್ಮ ಲಿಂಗಸುಗೂರಿನ ಠಾಣೆಯಲ್ಲಿದ್ದಳು. ಗುರಿ ಚೆನ್ನಾಗಿದೆ ಎಂದು ಹವಾಲ್ದಾರರು ಅವಳನ್ನು ರಜೆಯ ದಿನಗಳಲ್ಲಿ ಕರೆಸಿ ಕಲಿಸುತ್ತಿದ್ದರು. ರಾಜ್ಯದ ಪೊಲೀಸ್ ಪಂದ್ಯಕ್ಕೆ ನಮ್ಮ ಕಡೆಯಿಂದ ಇಬ್ಬರನ್ನು ಕಳಿಸುವುದೆಂದಾಯಿತು. ಆಯ್ಕೆಗೆ ಐದು ಜನ, ಅವಳೊಬ್ಬಳೇ ಹೆಣ್ಣು. ಅವಳ ಠಾಣೆಯಲ್ಲಿ ಆಳು ಕಡಿಮೆ. ಇದೊಂದು ಸಲ ಬಿಡುತ್ತೇವೆ, ಆಗದಿದ್ದರೆ ಇನ್ನು ಬಂದೂಕಿನ ಮಾತು ಎತ್ತಬಾರದು ಎಂದು ಹೇಳಿಯೇ ಅವಳನ್ನು ಕಳಿಸಿದ್ದರು. ಗೆದ್ದರೆ ಮುಂದೆ ಉಸ್ತಾದ್ ತರಬೇತಿಗೆ ಹೋಗುವ ದಾರಿ ಅವಳಿಗೆ ತೆರೆಯುತ್ತಿತ್ತು. ಎರಡು ವರ್ಷದಿಂದ ಅವಳು ಕಾಯುತ್ತಿದ್ದದ್ದು ಅದೊಂದಕ್ಕೇ.

ಆಯ್ಕೆಯ ಹಿಂದಿನ ದಿನ ಮೈದಾನದ ಬಾವುಟಗಳನ್ನು ನೋಡಿದೆ. ಕೆಂಪು ಮಾಸಿ ಮಣ್ಣು ಬಣ್ಣವಾಗಿದ್ದವು. ಆಯ್ಕೆ ಮಾಡಲು ದೊಡ್ಡ ಸಾಹೇಬರು ಬರುತ್ತಾರೆ, ಹೀಗಿದ್ದರೆ ಚೆಂದವಲ್ಲ ಎಂದುಕೊಂಡು ಎಲ್ಲವನ್ನೂ ಮನೆಗೆ ಒಯ್ದೆ. ಸಾಬೂನು ಹಚ್ಚಿ ತೊಳೆದೆ. ನಿಮ್ಮ ಅಜ್ಜನ ಖಾಕಿಗೆ ಹಾಕುತ್ತಿದ್ದ ಹಾಗೆ ದಪ್ಪ ಅಕ್ಕಿಗಂಜಿ ಹಾಕಿ, ಒಣಗಿಸಿ, ಇಸ್ತ್ರಿ ಮಾಡಿದೆ. ಎಷ್ಟೋ ವರ್ಷದ ಮೇಲೆ ಗಂಜಿಯ ವಾಸನೆ ಕೈಗೆ ಹತ್ತಿತ್ತು. ಖುಷಿಯಾಗಿತ್ತು ಎಂದೇ ಬರೆಯುತ್ತೇನೆ. ಬೆಳಿಗ್ಗೆ ಕಟ್ಟಿದಾಗ ಹವಾಲ್ದಾರರೂ ಮೆಚ್ಚಿದರು.

ಐನೂರು ಗಜ, ಒಬ್ಬೊಬ್ಬರಿಗೆ ಹತ್ತು ಗುಂಡು. ಆಯ್ಕೆಯ ದಿನ ನಡುವೆ ಗುರುತು ತೋರಿಸುವುದಿಲ್ಲ, ಹತ್ತೂ ಮುಗಿದ ಮೇಲೆಯೇ ಫಲ. ಮೊದಲ ನಾಲ್ಕು ಜನ ಹೊಡೆಯುವವರೆಗೆ ಎಲೆಯೂ ಅಲುಗಲಿಲ್ಲ. ಕಡೆಯ ಪಾಳಿ ಹುಲಿಗೆಮ್ಮನದು. ಅಷ್ಟರಲ್ಲಿ ಬಿಸಿಲೇರಿ, ಎಡಗಡೆಯ ಗುಡ್ಡದ ಸಂದಿನಿಂದ ಗಾಳಿ ಎದ್ದಿತು.

ಹಲಗೆ ಇಳಿಸಿ ನೋಡಿದೆ. ಹತ್ತೂ ಗುಂಡು ಒಂದು ಜೋಳದ ರೊಟ್ಟಿಯಗಲದೊಳಗೆ ಬಿದ್ದಿದ್ದವು. ಅಂಥ ಕೈ ಆ ದಿನ ಬೇರೆ ಯಾರದೂ ಇರಲಿಲ್ಲ. ಆದರೆ ಆ ರೊಟ್ಟಿ ನಡುಗುರಿಯಿಂದ ಒಂದು ಮೊಳ ಬಲಕ್ಕಿತ್ತು. ಗಾಳಿಯನ್ನೇ ಲೆಕ್ಕಕ್ಕೆ ಹಿಡಿದಿಲ್ಲ ಇವಳು, ಯಾಕೆ ಎಂದು ತಲೆಯೆತ್ತಿ ನೋಡಿದೆ. ನನ್ನ ಸೆರಗು ಹಾರಿ ಪಕ್ಕದ ಕಾನ್‌ಸ್ಟೇಬಲ್‌ನ ಮುಖಕ್ಕೆ ಬಡಿಯುತ್ತಿತ್ತು. ಗೋಡೆಯ ಮೇಲಿನ ಬಾವುಟ ಮಾತ್ರ ಹಲಗೆಯ ಹಾಗೆ ಕೆಳಮುಖವಾಗಿ ನಿಂತು ಸ್ವಲ್ಪ ಸ್ವಲ್ಪವೇ ತೂಗುತ್ತಿತ್ತು.

ನಾನು ಹಾಕಿದ ಗಂಜಿ ಅದನ್ನು ಹಾರಗೊಡುತ್ತಿರಲಿಲ್ಲ.

ನಾನು ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಅದನ್ನು ನಾನು ಮುಚ್ಚಿಡುವುದಿಲ್ಲ. ಹುಡುಗಿ ಹೆದರಿದಳು, ಗಾಳಿ ಓದಲಿಲ್ಲ ಎಂದು ಎಲ್ಲರೂ ಅನ್ನುತ್ತಿದ್ದರು. ನನ್ನ ನೌಕರಿ ಆಗಿನ್ನೂ ಕಾಯಂ ಆಗಿರಲಿಲ್ಲ. ಮನೆಯಲ್ಲಿ ಎರಡು ಮಕ್ಕಳು. ದೊಡ್ಡ ಸಾಹೇಬರೆದುರು ನಾನು ಅದುವರೆಗೆ "ಹೂಂ ರೀ" ಬಿಟ್ಟರೆ ಬೇರೆ ಮಾತು ಆಡಿದವಳಲ್ಲ. ಆದರೂ ಗೋಡೆಯ ಮೇಲಿನ ಆ ಬಾವುಟ ಬಿಚ್ಚಿಕೊಂಡು ಐನೂರು ಗಜ ನಡೆದೆ. ಅಷ್ಟು ಉದ್ದದ ದಾರಿ ಮತ್ತೆ ನಡೆದಿಲ್ಲ.

ಸಾಹೇಬರು ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಹೆಸರು ಬರೆಯುವ ಕಾಗದ ತೊಡೆಯ ಮೇಲಿತ್ತು. ಹುಲಿಗೆಮ್ಮ ಬೇರೆ ಕಡೆ ಮುಖ ಮಾಡಿ ಬಂದೂಕು ಒರೆಸುತ್ತಿದ್ದಳು. ನಾನು ಹವಾಲ್ದಾರರ ಹೆಗಲಿಗೆ ಕೈ ಮಾಡಿ ವಲ್ಲಿ ಕೇಳಿದೆ. ಅವರು ಕೊಟ್ಟರು. ಅಲ್ಲೇ ಇದ್ದ ಒಂದು ಬರಿಯ ಕೋಲಿಗೆ ಅದನ್ನೂ ನಾನು ತಂದ ಬಾವುಟವನ್ನೂ ಕಟ್ಟಿದೆ. ಒಂದೇ ಕೋಲಿಗೆ ವಲ್ಲಿ ಬಲಕ್ಕೆ ಚಾಚಿ ಪಟಪಟ ಹಾರಿತು, ಬಾವುಟ ತನ್ನಷ್ಟಕ್ಕೆ ಜೋತುಬಿದ್ದಿತ್ತು.

ಸಾಹೇಬರು ಎದ್ದು ಬಂದು ಬಾವುಟದ ಅಂಚು ಮುಟ್ಟಿದರು. ಇದಕ್ಕೇನು ಮಾಡಿದ್ದೀರಿ ಎಂದು ಕೇಳಿದರು. ಹವಾಲ್ದಾರರಿಗೆ ಆಗಲೇ ತಿಳಿದುಹೋಗಿತ್ತು. "ನಾನ ಹೇಳಿದ್ದೆ ರೀ ಸಾಹೇಬ್ರ, ತೊಳದು ಗಂಜಿ..." ಎಂದು ಶುರು ಮಾಡಿದರು.

"ಅವ್ರು ಹೇಳಿಲ್ರೀ" ಎಂದೆ. ದನಿ ನನ್ನದೇ ಎಂದು ನನಗೇ ನಂಬಿಕೆಯಾಗಲಿಲ್ಲ. "ನಾನ ಗಂಜಿ ಹಾಕೀನ್ರಿ. ಚೆಂದ ಕಾಣ್ಲಿ ಅಂತ ಹಾಕೀನಿ. ಆಕಿ ಗುಂಡೆಲ್ಲ ಒಂದ ರೊಟ್ಟಿಯೊಳಗ ಅದಾವ್ರಿ. ಆಕಿ ತಪ್ಪಿಲ್ರೀ, ತಪ್ಪು ನಂದು."

ಹುಲಿಗೆಮ್ಮ ಬಂದೂಕು ಬಿಟ್ಟು ಎದ್ದಳು. ಬಂದು ಬಾವುಟವನ್ನು ಹಿಡಿದು ಮಡಚಿದಳು. ಅದು ಹಪ್ಪಳದ ಹಾಗೆ ಸದ್ದು ಮಾಡಿತು. "ಎರಡು ವರ್ಷ ಅಕ್ಕಾ" ಎಂದಳು, ಅಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು ನನಗೆ.

ಸಾಹೇಬರು ಸಡಿಲ ಮನುಷ್ಯರಲ್ಲ. ಬಾವುಟ ಸುಳ್ಳು ಹೇಳಿದರೆ ಹುಲ್ಲು ನೋಡಬೇಕಿತ್ತು, ಧೂಳು ನೋಡಬೇಕಿತ್ತು ಎಂದು ಮೊದಲು ಅವಳಿಗೇ ಹೇಳಿದರು. ಆ ಮಾತು ಸರಿಯೇ. ಆಮೇಲೆ ವಲ್ಲಿಯನ್ನು ನೋಡಿ, ಮೈದಾನದ ಎಲ್ಲ ಬಾವುಟ ಇಳಿಸಿರಿ, ಇವಳಿಗೆ ಮತ್ತೆ ಹತ್ತು ಗುಂಡು ಕೊಡಿರಿ, ಈ ಹತ್ತೇ ಲೆಕ್ಕಕ್ಕೆ ಎಂದರು. ಉಳಿದ ನಾಲ್ವರು ಗಾಳಿಯಿಲ್ಲದಾಗ ಹೊಡೆದಿದ್ದರು, ಇವಳು ಗಾಳಿಯಲ್ಲೇ ಹೊಡೆಯಬೇಕಿತ್ತು. ವಲ್ಲಿಯನ್ನೂ ಬಿಚ್ಚಿಸಿದರು. ಬೇರೆ ಏನು ಬೇಕಾದರೂ ನೋಡಿಕೋ ಎಂದರು.

ಹುಲಿಗೆಮ್ಮ ಮೈದಾನ ನೋಡಿದಳು. ಹವಾಲ್ದಾರರನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಮೊರ ತಾ ಅಕ್ಕಾ. ನೀ ಕೆಡಿಸೀದಿ, ನೀನ ನಿಂತು ಹೇಳು" ಎಂದಳು.

ಅವಳು ಮಲಗಿ ಗುರಿ ಹಿಡಿದಳು. ನಾನು ಅವಳ ಎಡಕ್ಕೆ ಎರಡು ಹೆಜ್ಜೆ ಹಿಂದೆ ಮೊರ ಹಿಡಿದು ನಿಂತೆ. ಮೊರದ ತುದಿಯಿಂದ ಚಿಟಿಕೆ ಚಿಟಿಕೆ ಹೊಟ್ಟು ಬಿಡುವುದು, ಅದು ಎಷ್ಟು ದೂರ ಹೋಗಿ ಬೀಳುತ್ತದೆ ಎಂದು ನೋಡುವುದು, ನಡುವೆ ಗುಡ್ಡದ ಸಂದಿನ ಹುಲ್ಲು ಹೇಗೆ ಬಾಗುತ್ತದೆ ಎಂದು ನೋಡುವುದು. ಕಂದಕದಲ್ಲಿ ನಾಲ್ಕು ವರ್ಷ ನೋಡಿದ ತೂತುಗಳೆಲ್ಲ ಕಣ್ಣಮುಂದೆ ಬಂದವು.

"ಎಡಕ್ಕ ಮೊಳ" ಎಂದೆ.

ಹೊಡೆದಳು.

"ಮೊಳನ ಐತಿ." ಹೊಡೆದಳು. ಹೊಟ್ಟು ಒಮ್ಮೆಲೇ ನನ್ನ ಕಾಲ ಹತ್ತಿರ ಬಿತ್ತು. "ತಡಿ, ತಡಿ. ಗಾಳಿ ಇಳದೈತಿ. ಗೇಣು ಸಾಕು." ಹೊಡೆದಳು. ಹೀಗೆ ಹತ್ತು ಸಲ. ಹಿಂದೆ ಯಾರೋ ನಕ್ಕರು, ಸಾಹೇಬರು ಅವರನ್ನು ಸುಮ್ಮನಿರಿಸಿದರು. ನನಗೆ ಆಗ ನಾಚಿಕೆಯ ನೆನಪೇ ಇರಲಿಲ್ಲ. ಹತ್ತನೆಯದಕ್ಕೆ ಗಾಳಿ ಒಮ್ಮೆ ಜೋರಾಯಿತು, ನಾನು ಹೇಳುವುದರೊಳಗೆ ಅವಳು ಹೊಡೆದುಬಿಟ್ಟಿದ್ದಳು.

ಕಂದಕದಿಂದ ಕೋಲಿನ ತುದಿಯ ಬಿಳಿ ಬಿಲ್ಲೆ ಎದ್ದು ಒಂದೊಂದೇ ಗುಂಡಿನ ಗುರುತು ತೋರಿಸಿತು. ನಡುವೆ, ನಡುವೆ, ನಡುವಿನ ಅಂಚಿಗೆ, ಮತ್ತೆ ನಡುವೆ. ಒಂಬತ್ತು ಹಾಗೆ ಬಂದವು. ಹತ್ತನೆಯದು ಬಲಕ್ಕೆ, ಒಂದು ಗೇಣು ಆಚೆ. ಸಾಹೇಬರು ಕಾಗದದ ಮೇಲೆ ಹೆಸರು ಬರೆದರು. ಎರಡನೆಯ ಹೆಸರು ಅವಳದು.

ನನ್ನ ಬಗ್ಗೆ ಅವರು ಬರೆದದ್ದು ಇಷ್ಟೇ: ಬಾವುಟಗಳಿಗೆ ಇನ್ನು ಮುಂದೆ ಗಂಜಿ ಹಾಕತಕ್ಕದ್ದಲ್ಲ. ಆ ಕಾಗದವನ್ನು ಮೈದಾನದ ಕೋಣೆಯ ಗೋಡೆಗೆ ಹಚ್ಚಿಸಿದರು. ನಾನೇ ಅಂಟು ಬಳಿದು ಹಚ್ಚಿದೆ. ಮುಂದಿನ ವರ್ಷ ನನ್ನ ನೌಕರಿ ಕಾಯಂ ಆಯಿತು.

ಆಮೇಲೆ ಬಂದ ಒಬ್ಬ ಸಾಹೇಬರಿಗೆ ಮೊರ ಕಂಡರೆ ಆಗುತ್ತಿರಲಿಲ್ಲ, ಇದೇನು ಕಣವೇ ಎಂದು ತೆಗೆಸಿಬಿಟ್ಟರು. ಅವರಿಗೆ ವರ್ಗವಾದ ಮೇಲೆ ಹವಾಲ್ದಾರರು ಅದನ್ನು ಅದೇ ಮೊಳೆಗೆ ಮತ್ತೆ ತೂಗುಹಾಕಿದರು. ಹವಾಲ್ದಾರರು ನಿವೃತ್ತಿಯಾಗುವ ದಿನ ವಲ್ಲಿಯನ್ನು ನನಗೆ ಕೊಟ್ಟು, "ಇದಕ್ಕರ ಗಂಜಿ ಹಾಕಬ್ಯಾಡ ತಂಗಿ" ಎಂದರು. ನನ್ನ ಕಡೆಯ ವರ್ಷಗಳಲ್ಲಿ ಅಂಗೈಯಗಲದ ಯಂತ್ರ ಬಂತು. ಅದರ ಪುಟ್ಟ ಚಕ್ರ ತಿರುಗಿದರೆ ಗಾಳಿಯ ವೇಗ ಅಂಕಿಯಲ್ಲಿ ಬರುತ್ತದೆ. ಒಳ್ಳೆಯದು. ಆದರೂ ಅದು ಹೇಳುವುದು ಕೈ ಇದ್ದ ಜಾಗದ ಗಾಳಿಯನ್ನು ಮಾತ್ರ. ದಾರಿಯುದ್ದದ ಗಾಳಿಯನ್ನು ಕಣ್ಣೇ ನೋಡಬೇಕು.

ಹುಲಿಗೆಮ್ಮ ರಾಜ್ಯದ ಪಂದ್ಯದಲ್ಲಿ ಗೆಲ್ಲಲಿಲ್ಲ. ಆದರೆ ಉಸ್ತಾದ್ ತರಬೇತಿಗೆ ಹೋದಳು, ಮುಂದೆ ಎಷ್ಟೋ ಮಕ್ಕಳಿಗೆ ಕಲಿಸಿದಳು. ಈಗಲೂ ಸಿಂಧನೂರಿಗೆ ಬಂದರೆ ಮನೆಗೆ ಬಂದು ಊಟ ಮಾಡಿಯೇ ಹೋಗುತ್ತಾಳೆ. ಆ ಹತ್ತನೆಯ ಗುಂಡು ಯಾರದು ಎಂದು ಇನ್ನೂ ಜಗಳವಾಡುತ್ತೇವೆ. ತಡಮಾಡಿ ಹೇಳಿದ್ದು ನಾನು ಎಂದು ಅವಳು, ಅವಸರ ಮಾಡಿದ್ದು ಅವಳು ಎಂದು ನಾನು.

ಗೌರಿ, ಆ ಜನರೆಲ್ಲ ನನ್ನನ್ನು ಕಸ ಹೊಡೆಯುವವಳು ಎಂದು ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಹವಾಲ್ದಾರರು ನನ್ನ ಮೊರಕ್ಕೆ ಪಾಠದಲ್ಲಿ ಜಾಗ ಕೊಟ್ಟರು, ಸಾಹೇಬರು ನನ್ನ ಮಾತು ಕೇಳಿ ಕಾಗದ ಕೆಳಗಿಟ್ಟರು, ಆ ಹುಡುಗಿ ಕೆಡಿಸಿದವಳ ಕಣ್ಣನ್ನೇ ನಂಬಿ ಗುಂಡು ಹೊಡೆದಳು. ನಿಮ್ಮ ಅವ್ವನ, ಮಾವನ ಓದು ನಡೆದದ್ದು ಆ ನಂಬಿಕೆಯ ಮೇಲೆ.

ಈಗ ನಿನ್ನ ಗುಂಡಿನ ಮಾತು. ಅವು ಬಲಕ್ಕೆ ಹೋದವು ಎಂದೆಯಲ್ಲ, ಒಂದೇ ಕಡೆ ಇದ್ದವೋ, ಚದುರಿದ್ದವೋ? ಒಂದೇ ಕಡೆ ಇದ್ದರೆ ಅಳಬೇಡ, ಕೈ ಸರಿಯಿದೆ. ಮುಂದಿನ ಸಲ ಬಂದೂಕಿನ ಕುದುರೆ ಎಳೆಯುವ ಮೊದಲು ಬಾವುಟ ನೋಡು, ಆಮೇಲೆ ಅದರ ಬುಡದ ಹುಲ್ಲು ನೋಡು. ಬಾವುಟ ಒಂದು ಹೇಳಿ ಹುಲ್ಲು ಇನ್ನೊಂದು ಹೇಳಿದರೆ, ಬಾವುಟ ತೊಳೆದವರು ಯಾರು ಎಂದು ಹೋಗಿ ಕೇಳು. ಮೆಲ್ಲಗೆ ಕೇಳು. ಹೇಳಬೇಕೆಂದುಕೊಂಡು ಅವಳು ಅಲ್ಲೇ ಎಲ್ಲೋ ಹೆದರಿ ನಿಂತಿರಬಹುದು.